ಹಿಂಬದಿ

ಹನ್ನೆರಡಕ್ಕೆ ಎಂಟಡಿಯ ಹುಟ್ಟುಹಬ್ಬ, ಇನ್ನೂರು ರೂಪಾಯಿ.
ಶ್ರದ್ಧಾಂಜಲಿ ನೂರೈವತ್ತು, ಅದು ಯಾವಾಗಲೂ ಚಿಕ್ಕದು.
ಲೇಔಟಿನವರದ್ದು ಗಟ್ಟಿ ಮಾಲು, ಮೂರು ಮಳೆಗಾಲ ತಡೆಯುತ್ತೆ,
ನಾನೂರಕ್ಕೆ ಒಂದು ಪೈಸೆ ಕಮ್ಮಿ ಇಲ್ಲ.
ನಾನು ಪಳನಿ. ಹಾಸನದಲ್ಲಿ ಹಳೇ ಫ್ಲೆಕ್ಸ್ ಬೇಕಾದರೆ
ಸಂತೇಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ರಿಂಗ್ ರೋಡಿನಾಚೆ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲದಲ್ಲಿ
ಸೈಟಿನ ಕಲ್ಲು ನೆಟ್ಟಿದ್ದಾರೆ, ಕಲ್ಲುಗಳ ನಡುವೆ
ಮೂವತ್ತೆಂಟು ಶೆಡ್ಡು. ಎಲ್ಲಕ್ಕೂ ನನ್ನದೇ ಹೊದಿಕೆ.
ಮುಖ ಒಳಗೆ ಮಾಡಿ ಕಟ್ಟಿ ಅಂತ ಹೇಳಿಕೊಡುವವನೂ ನಾನೇ.
ಲೀಡರ್ ಮುಖ ಬಿಸಿಲಲ್ಲಿ ಸುಕ್ಕಾದರೆ
ಹುಡುಗರು ಬೈಕಲ್ಲಿ ಬಂದು ಜಗಳ ತೆಗೀತಾರೆ.
ಹಾಗಾಗಿ ಅಲ್ಲಿ ಮಲಗಿದವರಿಗೆಲ್ಲ ರಾತ್ರಿಯಿಡೀ
ಮೇಲಿಂದ ಯಾರೋ ಕೈ ಮುಗಿದುಕೊಂಡೇ ಇರುತ್ತಾರೆ.

ಊರು ಅವರಿಗಿಟ್ಟ ಹೆಸರು ಗುಲ್ಬರ್ಗದೋರು.
ಸುರಪುರದ ಸಾಬಮ್ಮ ಮೊದಮೊದಲು ಹೇಳುತ್ತಿದ್ದಳು,
‘ಗುಲ್ಬರ್ಗ ನಮಗ ಭಾಳ ದೂರ ರೀ, ನಾ ಕಂಡೇ ಇಲ್ಲ.’
ಆಮೇಲೆ ಹೇಳುವುದು ಬಿಟ್ಟಳು, ಕರೆದರೆ ತಿರುಗುತ್ತಾಳೆ.

ಕೊನೇ ಶೆಡ್ಡಿನ ಐದು ಹುಡುಗರು ಚೈನಾದವರು.
‘ಚೈನಾ ಅಲ್ಲ ಅಣ್ಣಾ, ಅಸ್ಸಾಂ. ಧೇಮಾಜಿ’
ಎಂದ ಜದು ಪೇಗು, ಟೈಲ್ಸ್ ಹಾಕುವವನು,
ಫೋನಿನಲ್ಲಿ ಮ್ಯಾಪು ತೆಗೆದು ತೋರಿಸಿದ. ನದಿ ಅಷ್ಟಗಲ!
ನಾನು ತಲೆಯಾಡಿಸಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ:
ಚೈನಾ, ಲೇಔಟ್ ಮಾಲು ಒಂದು, ಬಾಕಿ ನೂರು.

ಅವನು ನೆಲಕ್ಕೆ ತಾಗುವಂತೆ ಶೆಡ್ಡು ಕಟ್ಟಲಿಲ್ಲ.
ಒಡೆದ ಸಿಮೆಂಟ್ ಬ್ಲಾಕು, ಅದರ ಮೇಲೆ ಸೆಂಟ್ರಿಂಗ್ ಹಲಗೆ.
‘ನಮ್ಮ ಕಡೆ ಮನೆಗೆ ಕಾಲಿರುತ್ತೆ.’
ಚಹಾದಂಗಡಿಯಲ್ಲಿ ನಕ್ಕರು: ಮರದ ಮೇಲಿನ ಜನ.
ಜುಲೈನಲ್ಲಿ ಎಲ್ಲರ ಚಾಪೆ ತೇಲಿದಾಗ
ಸಾಬಮ್ಮನ ಎರಡು ಮಕ್ಕಳು ಆ ಹಲಗೆ ಮೇಲೆ ಮಲಗಿದ್ದವು.
ಅವನಿಗೂ ಒಂದು ಸಿದ್ಧಾಂತ ಇತ್ತು:
ಕನ್ನಡದವರೆಂದರೆ ಹೆಲ್ಮೆಟ್ಟನ್ನು ಮೊಣಕೈಗೆ ಹಾಕುವ ಜನ.

ಎರಡನೇ ಕ್ರಾಸಿನ ಮೇಡಂನ ಬಿಳೀ ನಾಯಿ
ಶುಕ್ರವಾರ ಸಂಜೆ ಕಾಣೆಯಾಯಿತು.
ಶನಿವಾರ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ
ಎಲ್ಲರಿಗೂ ಎಲ್ಲ ಗೊತ್ತಿತ್ತು.
ಒಬ್ಬರು ನನ್ನನ್ನೇ ಕೇಳಿದರು:
‘ನೀನು ಅಲ್ಲಿಗೆ ಹೋಗ್ತೀಯಲ್ಲ ಪಳನಿ, ಅವರು ತಿಂತಾರಂತೆ ಹೌದಾ?’
ಅವರ ತಟ್ಟೆಯಲ್ಲೇ ಉಂಡಿದ್ದೆ ನಾನು. ಅನ್ನ, ಸುಟ್ಟ ಒಣಮೀನು,
ಬೇಲಿಯಲ್ಲಿ ಬೆಳೆಯುವ ಯಾವುದೋ ಸೊಪ್ಪು.
‘ಗೊತ್ತಿಲ್ಲ ಸಾರ್’ ಅಂದೆ.

ನಮ್ಮ ಅಜ್ಜಿ ಧರ್ಮಪುರಿ ಕಡೆಯವಳು,
ಗೊರೂರು ಡ್ಯಾಮಿಗೆ ಕಲ್ಲು ಹೊರಲು ಬಂದವಳು.
ಕೊಂಗರು ಬೆಕ್ಕು ತಿಂತಾರೆ ಅಂತ ಅವಳಿಗೂ ಹೇಳುತ್ತಿದ್ದರಂತೆ.
ಅವಳು ನಗುತ್ತಾ ಹೇಳಿಕೊಳ್ಳುತ್ತಿದ್ದ ಕತೆ ಅದು.
ನಾನೂ ನಗುತ್ತಾ ಕೇಳಿದ್ದೆ.
‘ಗೊತ್ತಿಲ್ಲ ಸಾರ್’ ಅಂತ ಆಗ ಯಾರಂದರೋ, ಅವಳು ಹೇಳಲಿಲ್ಲ.

ಭಾನುವಾರ ರಾತ್ರಿ ಹತ್ತು ಬೈಕು ಹೋದವು.
ಸೋಮವಾರ ಹೋಗಿ ನೋಡಿದರೆ ಬ್ಲಾಕು ಇದ್ದವು, ಹಲಗೆ ಇತ್ತು.
ಮಂಗಳವಾರ ನಾಯಿ ತಾನೇ ಬಂತು,
ಹೊಟ್ಟೆ ಕೆಳಗೆಲ್ಲ ಕೆಸರು, ಬಾಲ ಆಡಿಸುತ್ತಾ.
ಅದು ಬಂತೆಂದು ಯಾರೂ ಫ್ಲೆಕ್ಸ್ ಹಾಕಿಸಲಿಲ್ಲ.

ಸಾಬಮ್ಮ ಆ ಮಾಲನ್ನು ಸುತ್ತಿ ಎತ್ತಿಟ್ಟಿದ್ದಳು.
ಬಿಚ್ಚಿದೆ. ಈಜುಕೊಳ, ವಿಲ್ಲಾ, ಗಾಳಿಯಲ್ಲಿ ಕೂದಲು ಹಾರಿಸುವ ಹೆಂಗಸು.
ವಿಲ್ಲಾದ ಮೇಲಿನ ನೀಲಿ ಆಕಾಶದ ತುಂಬ
ಕಪ್ಪು ಸ್ಕೆಚ್ಚಲ್ಲಿ ದಿನದ ಲೆಕ್ಕ:
ಎಂಟುನೂರು, ಎಂಟುನೂರು, ಸೊನ್ನೆ, ನಾನೂರು, ಎಂಟುನೂರು,
ಶುಕ್ರವಾರದವರೆಗೆ.
ಥಿನ್ನರ್ ಹಾಕಿ ಉಜ್ಜಿದೆ. ಅಂಕಿ ಹೋಯಿತು.
ಒಲೆಯ ಮಸಿ ಹೋಗಲಿಲ್ಲ, ಮೀನಿನ ವಾಸನೆಯೂ.

ಅದನ್ನು ಮುನ್ನೂರಕ್ಕೆ ಒಯ್ದವನು ಬೀದರ್ ಕಡೆಯವನಂತೆ.
ಮುಖ ಒಳಗೆ ಮಾಡಿ ಕಟ್ಟು ಅಂತ ಅವನಿಗೂ ಹೇಳಿಕೊಟ್ಟೆ.
ಪುಸ್ತಕದಲ್ಲಿ ಅವನ ಊರು ಬರೆಯಬೇಕಿತ್ತು,
ಪೆನ್ನು ಆ ಹಳೇ ಸಾಲಿನ ಹತ್ತಿರವೇ ನಿಂತಿತು.
ಚೈನಾ ಅನ್ನುವುದನ್ನು ಹೊಡೆದು ಹಾಕಿದೆ.
ಪೇಗುವಿಗೆ ದೀರ್ಘ ಇದೆಯೋ ಇಲ್ಲವೋ
ಕೇಳಲು ಯಾರಿಲ್ಲ.
ಬಾಕಿ ನೂರು ಹಾಗೇ ಇದೆ.